ಪೋಲೆಂಡಿನ ಗ್ರೊಹುಫ್ಕಾ: ಒಡೆದ ಬಟಾಣಿಯ ಸೂಪನ್ನು ಮನೆಯಲ್ಲಿ ಮಾಡುವ ಕ್ರಮ

ಓದಲೆಂದೋ ಕೆಲಸಕ್ಕೆಂದೋ ಪೋಲೆಂಡಿಗೆ ಹೋದ ಕನ್ನಡಿಗರಿಂದಲೂ, ಅಲ್ಲಿ ಕೆಲವು ವರ್ಷ ಇದ್ದು ಊರಿಗೆ ಮರಳಿದವರಿಂದಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ಅಲ್ಲಿನ ಬಟಾಣಿ ಸೂಪನ್ನು ಮನೆಯಲ್ಲಿ ಮಾಡಿದಾಗ ಅದು ತೊವ್ವೆಯಂತೆ ಆಗುತ್ತದೆಯೇ ಹೊರತು ಅಲ್ಲಿ ತಿಂದದ್ದರ ರುಚಿ ಬರುವುದಿಲ್ಲ, ಏಕೆ? ಕಾರಣ ಬೇಳೆಯಲ್ಲಿಲ್ಲ. ಈ ಸೂಪಿಗೆ ಅದರ ಗುಣ ಬರುವುದು ಹೊಗೆಯಾಡಿಸಿದ ಮಾಂಸದಿಂದ ಬಿಟ್ಟ ರಸ ಮತ್ತು ಕೊನೆಯಲ್ಲಿ ಬೀಳುವ ಮರುಗ, ಇವೆರಡರಿಂದ. ಮೊದಲನೆಯದನ್ನು ಬೇಳೆಗಿಂತ ಮುಂಚೆಯೇ ಒಲೆಗೆ ಇಡಬೇಕು, ಎರಡನೆಯದನ್ನು ಎಲ್ಲ ಮುಗಿಯುವ ಹೊತ್ತಿಗೆ ಹಾಕಬೇಕು. ಈ ಕ್ರಮ ತಪ್ಪಿದರೆ ಎಷ್ಟೇ ಒಳ್ಳೆಯ ಸಾಮಗ್ರಿ ಇದ್ದರೂ ಪಾತ್ರೆಯಲ್ಲಿ ಉಳಿಯುವುದು ಬೆಂದ ಬೇಳೆ ಮಾತ್ರ.

ಪೋಲಿಷ್ ಭಾಷೆಯಲ್ಲಿ ಇದನ್ನು ಗ್ರೊಹುಫ್ಕಾ ಎನ್ನುತ್ತಾರೆ. ಒಣಗಿಸಿದ ಹಳದಿ ಬಟಾಣಿಯನ್ನು ಸಿಪ್ಪೆ ತೆಗೆದು ಒಡೆದು ಮಾಡಿದ ಬೇಳೆ, ಹೊಗೆಯಾಡಿಸಿದ ಹಂದಿಮಾಂಸ, ಬೇರು ತರಕಾರಿ ಮತ್ತು ಆಲೂಗಡ್ಡೆ ಸೇರಿದ, ಒಂದು ಬಟ್ಟಲಲ್ಲೇ ಊಟ ಮುಗಿಸಬಹುದಾದಷ್ಟು ಗಟ್ಟಿಯಾದ ಚಳಿಗಾಲದ ಸೂಪು ಇದು. ಸೈನ್ಯದ ಸೂಪು ಎಂಬ ಅರ್ಥದಲ್ಲಿ ಗ್ರೊಹುಫ್ಕಾ ವೊಯ್ಸ್ಕೋವಾ ಎಂಬ ಹೆಸರೂ ಬಳಕೆಯಲ್ಲಿದೆ. ಒಣ ಬಟಾಣಿ ಬಹುಕಾಲ ಕೆಡದೆ ಉಳಿಯುತ್ತದೆ, ನೂರು ಗ್ರಾಂ ಬೇಳೆಯಲ್ಲಿ ಸುಮಾರು 23 ಗ್ರಾಂ ಪ್ರೋಟೀನ್ ಇರುತ್ತದೆ, ದೊಡ್ಡ ಹಂಡೆಯಲ್ಲಿ ನೂರಾರು ಜನರಿಗೆ ಒಟ್ಟಿಗೆ ಬೇಯಿಸಲೂ ಬರುತ್ತದೆ. ಹಾಗಾಗಿ ಗಾಡಿಯ ಮೇಲೆ ಕೂರಿಸಿದ ಸೈನ್ಯದ ಸಂಚಾರಿ ಅಡುಗೆಮನೆಗೆ ಇದು ಹೇಳಿ ಮಾಡಿಸಿದ ಅಡುಗೆಯಾಯಿತು. ನವೆಂಬರ್ 11ರ ಸ್ವಾತಂತ್ರ್ಯ ದಿನಾಚರಣೆಯಂತಹ ಸಾರ್ವಜನಿಕ ಸಂದರ್ಭಗಳಲ್ಲಿ ಇಂದಿಗೂ ಅಂಥ ಗಾಡಿಗಳಿಂದ ಗ್ರೊಹುಫ್ಕಾ ಹಂಚುವುದುಂಟು, ಮತ್ತು ಹಲವರು ಈ ಸೂಪನ್ನು ಮೊದಲು ಸವಿಯುವುದು ಅಲ್ಲಿಯೇ.

ಆರರಿಂದ ಎಂಟು ಜನರಿಗೆ ಬೇಕಾಗುವ ಸಾಮಗ್ರಿ

- ಒಡೆದ ಹಳದಿ ಬಟಾಣಿ ಬೇಳೆ: 500 ಗ್ರಾಂ
- ಹೊಗೆಯಾಡಿಸಿದ ಹಂದಿಯ ಪಕ್ಕೆಲುಬು: 500 ಗ್ರಾಂ
- ಹೊಗೆಯಾಡಿಸಿದ ಬೇಕನ್, ಇಡಿಯ ತುಂಡು: 150 ಗ್ರಾಂ
- ಹೊಗೆಯಾಡಿಸಿದ ಸಾಸೇಜ್: 250 ಗ್ರಾಂ
- ಕ್ಯಾರೆಟ್ 2, ಪಾರ್ಸ್ಲಿ ಬೇರು 1, ಸೆಲರಿ ಗೆಡ್ಡೆಯ 100 ಗ್ರಾಂ ತುಂಡು
- ಆಲೂಗಡ್ಡೆ: 400 ಗ್ರಾಂ
- ಈರುಳ್ಳಿ 2, ಬೆಳ್ಳುಳ್ಳಿ 4 ಎಸಳು
- ಬೇ ಎಲೆ 3, ಆಲ್‌ಸ್ಪೈಸ್ ಕಾಳು 5, ಕಾಳುಮೆಣಸು 10
- ಒಣಗಿಸಿದ ಮರುಗ: 2 ದೊಡ್ಡ ಚಮಚ
- ನೀರು: ಎರಡೂವರೆ ಲೀಟರ್, ಜೊತೆಗೆ ತೆಳುಮಾಡಲು ಅರ್ಧ ಲೀಟರ್ ಬಿಸಿನೀರು
- ಉಪ್ಪು: ಕೊನೆಯಲ್ಲಿ ರುಚಿ ನೋಡಿ

ಪಟ್ಟಿ ಉದ್ದವಾಗಿ ಕಂಡರೂ ಇದರಲ್ಲಿ ಹೆಚ್ಚಿನವು ನಿಮಗೆ ಪರಿಚಿತವೇ. ಆದರೆ ಕೆಲವು ಸಾಮಗ್ರಿಗಳ ವಿಷಯದಲ್ಲಿ ಅಂಗಡಿಯಲ್ಲೇ ತಪ್ಪು ನಡೆದುಬಿಡುವುದರಿಂದ ಅವುಗಳನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲನೆಯದು ಬೇಳೆ. ಪೋಲೆಂಡಿನ ಅಂಗಡಿಯಲ್ಲಿ ಪೊಟ್ಟಣದ ಮೇಲೆ ‘ಗ್ರೊಹ್’ ಎಂದಿದ್ದರೆ ಅದು ಒಣ ಬಟಾಣಿ, ‘ಗ್ರೊಷೆಕ್’ ಎಂದಿದ್ದರೆ ಹಸಿರು ಬಟಾಣಿ. ಡಬ್ಬಿಯಲ್ಲಿ ಬರುವ ಹಸಿರು ಬಟಾಣಿಯಿಂದ ಈ ಸೂಪು ಆಗುವುದಿಲ್ಲ. ಒಣ ಬಟಾಣಿಯಲ್ಲೂ ‘ಪೊವುಫ್ಕಿ’, ಅಂದರೆ ಅರ್ಧ ಹೋಳುಗಳು, ಎಂಬ ಪದ ಇರುವ ಪೊಟ್ಟಣವನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಇದೇ ವಸ್ತು ಬಟಾಣಿ ಬೇಳೆ ಎಂಬ ಹೆಸರಿನಲ್ಲಿ ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಬಿಡಿಯಾಗಿ ಕೊಳ್ಳುವಾಗ ಕಡಲೆಬೇಳೆಯನ್ನು ತಂದುಬಿಡುವ ಸಂಭವ ಹೆಚ್ಚು. ಬಟಾಣಿ ಬೇಳೆಯ ಬೆನ್ನು ನುಣುಪಾಗಿ ದುಂಡಗಿರುತ್ತದೆ. ಕಡಲೆಬೇಳೆ ಅಂಕುಡೊಂಕಾಗಿದ್ದು ಒಂದು ತುದಿ ಕೊಕ್ಕಿನಂತೆ ಚೂಪಾಗಿರುತ್ತದೆ. ಕಡಲೆಬೇಳೆ ಎಷ್ಟು ಬೆಂದರೂ ಬಟಾಣಿಯ ಹಾಗೆ ತಾನಾಗಿ ಕರಗಿ ಸೂಪಿಗೆ ಮೈಕೊಡುವುದಿಲ್ಲ. ಇನ್ನೊಂದು ಮಾತು: ವರ್ಷಗಟ್ಟಲೆ ಡಬ್ಬದಲ್ಲಿ ಉಳಿದ ಹಳೆಯ ಬೇಳೆಯನ್ನು ಈ ನೆಪದಲ್ಲಿ ಖರ್ಚುಮಾಡಲು ಹೋಗಬೇಡಿ. ಹಳೆಯ ಬೇಳೆ ಗಂಟೆಗಟ್ಟಲೆ ಕುದಿದರೂ ನಡುವೆ ಗಟ್ಟಿಯಾಗಿಯೇ ಉಳಿಯುತ್ತದೆ.

ಎರಡನೆಯದು ಮಾಂಸ. ಪೋಲೆಂಡಿನಲ್ಲಿ ಹೊಗೆಯಾಡಿಸಿದ ಪಕ್ಕೆಲುಬು ಯಾವ ಮಾಂಸದಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಸಾಸೇಜಿಗೆ ಅಲ್ಲಿ ಕೆವ್‌ಬಾಸಾ ಎನ್ನುತ್ತಾರೆ. ಹೊಗೆಯ ಪರಿಮಳ ಇರುವ ಯಾವುದಾದರೂ ನಡೆಯುತ್ತದೆ. ಬೆಂಗಳೂರಿನಲ್ಲಿ ಇರುವವರು ಈಶಾನ್ಯ ರಾಜ್ಯಗಳ ಸಾಮಾನು ಮಾರುವ ಅಂಗಡಿಗಳಲ್ಲಿ ಹೊಗೆಯಾಡಿಸಿದ ಹಂದಿಮಾಂಸವನ್ನು ಪಡೆಯಬಹುದು. ಆದರೆ ಅದು ಯುರೋಪಿನದಕ್ಕಿಂತ ಹೆಚ್ಚು ಒಣಗಿದ್ದು, ಹೊಗೆಯೂ ಬಹಳ ಗಾಢವಾಗಿರುತ್ತದೆ. ಆದ್ದರಿಂದ 200 ಗ್ರಾಂ ಸಾಕು, ಅದನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ ಬಳಸಿ. ಹಂದಿಮಾಂಸ ತಿನ್ನದವರಿಗೆ ಹೊಗೆಯಾಡಿಸಿದ ಟರ್ಕಿ ಕೋಳಿಯ ಕಾಲು ಒಳ್ಳೆಯ ಬದಲಿ. ಸಸ್ಯಾಹಾರಿಗಳ ವಿಷಯ ಮುಂದೆ ಪ್ರತ್ಯೇಕವಾಗಿ ಬರುತ್ತದೆ.

ಮೂರನೆಯದು ಬೇರು ತರಕಾರಿ. ಕ್ಯಾರೆಟ್, ಪಾರ್ಸ್ಲಿ ಬೇರು, ಸೆಲರಿ ಗೆಡ್ಡೆ ಮತ್ತು ಲೀಕ್ ಎಂಬ ಉದ್ದನೆಯ ಈರುಳ್ಳಿ ಜಾತಿಯ ದಂಟನ್ನು ಕೂಡಿಸಿ ಕಟ್ಟಿದ ಕಟ್ಟು ಅಲ್ಲಿ ‘ವ್ವೊಶ್ಚಿಜ್ನಾ’ ಎಂಬ ಹೆಸರಿನಲ್ಲಿ ಸಿಗುತ್ತದೆ. ಒಂದು ಕಟ್ಟು ತಂದರೆ ಈ ಅಡುಗೆಗೆ ಬೇಕಾದುದೆಲ್ಲ ಅದರಲ್ಲೇ ಇರುತ್ತದೆ. ನಮ್ಮಲ್ಲಿ ಪಾರ್ಸ್ಲಿ ಬೇರು, ಸೆಲರಿ ಗೆಡ್ಡೆ ಸಿಗುವುದು ಕಷ್ಟ. ಪಾರ್ಸ್ಲಿಯ ದಂಟುಗಳನ್ನೂ ಎರಡು ಸೆಲರಿ ದಂಟುಗಳನ್ನೂ ಹಾಕಿದರೆ ಪರಿಮಳದ ಮಟ್ಟಿಗೆ ಕೆಲಸ ನಡೆಯುತ್ತದೆ. ಮೂಲಂಗಿ ಬಿಳಿಯ ಬೇರು ಎಂಬ ಕಾರಣಕ್ಕೆ ಅದನ್ನು ಹಾಕುವವರಿದ್ದಾರೆ. ಅದು ಇಡೀ ಪಾತ್ರೆಯ ವಾಸನೆಯನ್ನೇ ಬದಲಿಸುತ್ತದೆ, ಬೇಡ.

ಇನ್ನು ಮಸಾಲೆ. ಬೇ ಎಲೆ ಎಂದರೆ ನಮ್ಮ ಪಲಾವ್ ಎಲೆ ಅಲ್ಲ. ಪಲಾವ್ ಎಲೆ ದಾಲ್ಚಿನ್ನಿಯ ಜಾತಿಗೆ ಸೇರಿದ್ದು, ಉದ್ದಕ್ಕೆ ಮೂರು ನರಗಳಿರುತ್ತವೆ, ಕುದಿದಾಗ ಚಕ್ಕೆಯ ವಾಸನೆ ಬರುತ್ತದೆ. ಯುರೋಪಿನ ಬೇ ಎಲೆ ಚಿಕ್ಕದು, ನಡುವೆ ಒಂದೇ ನರ. ಅದು ಸಿಗದಿದ್ದರೆ ಎಲೆಯನ್ನು ಬಿಟ್ಟೇಬಿಡುವುದು ಲೇಸು. ಆಲ್‌ಸ್ಪೈಸ್ ನಮ್ಮ ಕರಾವಳಿ ಮಲೆನಾಡಿನ ಕೆಲವು ಹಿತ್ತಲುಗಳಲ್ಲಿ ಸರ್ವಸಾಂಬಾರ ಎಂಬ ಹೆಸರಿನಲ್ಲಿ ಬೆಳೆಯುವ ಮರದ ಕಾಯಿ. ಕಾಳು ಸಿಗದವರು ಆ ಮರದ ಎರಡು ಎಲೆಗಳನ್ನು ಹಾಕಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಮರುಗ, ಪೋಲಿಷ್‌ನಲ್ಲಿ ಮಯೆರಾನೆಕ್. ನಮ್ಮಲ್ಲಿ ಮಲ್ಲಿಗೆ, ಕನಕಾಂಬರದ ಜೊತೆ ಮಾಲೆಗೆ ಕಟ್ಟುವ ಆ ಮರುಗವೇ ಇದು, ಆದರೆ ಕನ್ನಡ ಅಡುಗೆಮನೆಗೆ ಅದು ಸಾಮಾನ್ಯವಾಗಿ ಕಾಲಿಡದೆ ಉಳಿದಿದೆ. ಹೂವಿನ ಮಾರುಕಟ್ಟೆಯಿಂದ ತಂದ ಮರುಗವನ್ನು ದಯವಿಟ್ಟು ಅಡುಗೆಗೆ ಬಳಸಬೇಡಿ. ತಿನ್ನುವುದಕ್ಕೆಂದು ಬೆಳೆಯದ ಗಿಡಕ್ಕೆ ಯಾವ ಔಷಧಿ ಸಿಂಪಡಿಸಿರುತ್ತಾರೋ ತಿಳಿಯದು. ಕುಂಡದಲ್ಲಿ ಮನೆಯಲ್ಲೇ ಬೆಳೆಸಿ, ಕಡ್ಡಿಗಳನ್ನು ನೆರಳಿನಲ್ಲಿ ಒಣಗಿಸಿ, ಎಲೆಗಳನ್ನು ಉದುರಿಸಿ ಇಟ್ಟುಕೊಳ್ಳುವುದು ಸುಲಭ. ಪಿಜ್ಜಾದ ಜೊತೆ ಬರುವ ಒರೆಗಾನೊ ಇದೇ ಕುಲದ ಬೇರೆ ಗಿಡ. ಅದರ ಖಾರ ಸೂಪಿನಲ್ಲಿ ಎದ್ದು ಕಾಣುತ್ತದೆ.

ಮಾಡುವ ಹಂತಗಳು

1. ಬೇಳೆಯನ್ನು ನೆನೆಸುವುದು. ಬೇಳೆಯನ್ನು ಆರಿಸಿ, ನೀರು ತಿಳಿಯಾಗುವವರೆಗೆ ನಾಲ್ಕಾರು ಬಾರಿ ತೊಳೆಯಿರಿ. ಒಡೆದ ಬೇಳೆಯಾದ್ದರಿಂದ ನೆನೆಸದಿದ್ದರೂ ಬೇಯುತ್ತದೆ, ಆದರೆ ಮೂರು ನಾಲ್ಕು ಗಂಟೆ ನೆನೆಸಿದರೆ ಒಂದೇ ಹದದಲ್ಲಿ ಬೇಯುತ್ತದೆ. ರಾತ್ರಿಯಿಡೀ ನೆನೆಸುವುದು ಇಡಿ ಬಟಾಣಿಗೆ ಕಡ್ಡಾಯ, ಬೇಳೆಗೆ ಅಲ್ಲ. ನೆನೆಸಿದ ನೀರನ್ನು ಚೆಲ್ಲಿ.

2. ಹೊಗೆಯ ರಸ ತೆಗೆಯುವುದು. ದಪ್ಪ ತಳದ, ಕನಿಷ್ಠ ಐದು ಲೀಟರ್ ಹಿಡಿಯುವ ಪಾತ್ರೆಯಲ್ಲಿ ಪಕ್ಕೆಲುಬುಗಳನ್ನಿಟ್ಟು ಎರಡೂವರೆ ಲೀಟರ್ ತಣ್ಣೀರು ಸುರಿದು, ಬೇ ಎಲೆ, ಆಲ್‌ಸ್ಪೈಸ್, ಕಾಳುಮೆಣಸು, ಪಾರ್ಸ್ಲಿ ಬೇರು ಮತ್ತು ಸೆಲರಿ ತುಂಡುಗಳನ್ನು ಹಾಕಿ ಒಲೆಯ ಮೇಲಿಡಿ. ಕುದಿ ಬಂದೊಡನೆ ಉರಿ ತಗ್ಗಿಸಿ, ಮೇಲ್ಮೈ ಅಲ್ಲಲ್ಲಿ ಮಾತ್ರ ಗುಳ್ಳೆಯೇಳುವಷ್ಟು ಸಣ್ಣ ಉರಿಯಲ್ಲಿ 45 ನಿಮಿಷ ಬಿಡಿ. ಈ ಮುಕ್ಕಾಲು ಗಂಟೆಯನ್ನು ಉಳಿಸಲೆಂದು ಮಾಂಸವನ್ನೂ ಬೇಳೆಯನ್ನೂ ಒಟ್ಟಿಗೆ ಹಾಕುವುದು ಹೆಚ್ಚಿನವರು ಮಾಡುವ ತಪ್ಪು: ಬೇಳೆ ಕರಗಿ ನೀರು ಗಟ್ಟಿಯಾದ ಮೇಲೆ ಎಲುಬಿನ ಸಾರವೂ ಹೊಗೆಯ ಪರಿಮಳವೂ ಸರಿಯಾಗಿ ಹೊರಬರುವುದಿಲ್ಲ. ಈ ಹಂತದಲ್ಲಿ ಉಪ್ಪು ಹಾಕಬೇಡಿ. ಹೊಗೆಯಾಡಿಸಿದ ಮಾಂಸ ಮೊದಲೇ ಉಪ್ಪಿನಲ್ಲಿ ಊರಿದ್ದಾಗಿರುತ್ತದೆ; ಅದು ಎಷ್ಟು ಉಪ್ಪು ಬಿಡುತ್ತದೆ ಎಂಬುದು ಕೊನೆಗಷ್ಟೇ ತಿಳಿಯುತ್ತದೆ.

3. ಬೇಳೆ ಹಾಕುವುದು. ನೆನೆದ ಬೇಳೆಯನ್ನು ಕುದಿಯುವ ರಸಕ್ಕೆ ಹಾಕಿ ಒಮ್ಮೆ ತಳದಿಂದ ಕೈಯಾಡಿಸಿ. ಐದು ನಿಮಿಷದೊಳಗೆ ದಟ್ಟವಾದ ಬಿಳಿ ನೊರೆ ಏಳುತ್ತದೆ. ಅದನ್ನು ಸೌಟಿನಿಂದ ತೆಗೆದುಹಾಕಿ, ಇಲ್ಲದಿದ್ದರೆ ಉಕ್ಕಿ ಒಲೆಯ ಮೇಲೆ ಚೆಲ್ಲುತ್ತದೆ. ಆಮೇಲೆ ಮುಚ್ಚಳವನ್ನು ಸ್ವಲ್ಪ ಓರೆಯಾಗಿಟ್ಟು ಸಣ್ಣ ಉರಿಯಲ್ಲಿ ಬೇಯಲು ಬಿಡಿ. ನೆನೆದ ಬೇಳೆ ಮೆತ್ತಗಾಗಲು ಸುಮಾರು 45 ನಿಮಿಷದಿಂದ ಒಂದು ಗಂಟೆ ಬೇಕು.

ಬೇಳೆ ಎಷ್ಟು ಹೊತ್ತಾದರೂ ಬೇಯುತ್ತಿಲ್ಲ ಎಂಬ ದೂರಿಗೆ ಹಳೆಯ ಬೇಳೆಯ ಹೊರತಾಗಿ ಎರಡು ಕಾರಣಗಳಿವೆ. ಒಂದು, ಗಡಸು ನೀರು. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಬಿಸಿಗೆ ಕರಗಿದರೆ ಮಾತ್ರ ಬೇಳೆ ಮೆತ್ತಗಾಗುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಆ ಪೆಕ್ಟಿನ್ನಿಗೆ ಅಂಟಿಕೊಂಡು ಅದನ್ನು ಕರಗದಂತೆ ಬಿಗಿಯುತ್ತದೆ. ಕೊಳವೆಬಾವಿಯ ನೀರನ್ನು ಬಳಸುವವರು ಈ ಅಡುಗೆಗೆ ಶುದ್ಧೀಕರಿಸಿದ ಕುಡಿಯುವ ನೀರನ್ನು ತೆಗೆದುಕೊಂಡರೆ ವ್ಯತ್ಯಾಸ ಕಾಣುತ್ತದೆ. ಇನ್ನೊಂದು, ಹುಳಿ. ಹುಳಿಯಲ್ಲೂ ಪೆಕ್ಟಿನ್ ಕರಗುವುದು ನಿಧಾನ, ಹೀಗಾಗಿ ಟೊಮೆಟೊ ಅಥವಾ ಹುಣಸೆಯನ್ನು ಅಭ್ಯಾಸಬಲದಿಂದ ಹಾಕಬೇಡಿ; ಈ ಸೂಪಿಗೆ ಅವೆರಡೂ ಬೇಕಿಲ್ಲ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಳೆ ಬೇಗ ಬೇಯುವುದು ನಿಜ, ಆದರೆ ಅದು ಬಿ1 ಜೀವಸತ್ವವನ್ನು ನಾಶಮಾಡುತ್ತದೆ, ಸ್ವಲ್ಪ ಹೆಚ್ಚಾದರೂ ಸಾಬೂನಿನ ರುಚಿ ಬರುತ್ತದೆ.

4. ತಳ ಹಿಡಿಯದಂತೆ ನೋಡಿಕೊಳ್ಳುವುದು. ಬೇಳೆ ಒಡೆಯತೊಡಗಿದ ಮೇಲೆ ಅದರ ಗಂಜಿ ತಳಕ್ಕಿಳಿದು ಸೀಯುತ್ತದೆ. ಐದಾರು ನಿಮಿಷಕ್ಕೊಮ್ಮೆ ಚಪ್ಪಟೆ ತುದಿಯ ಮರದ ಸೌಟಿನಿಂದ ತಳವನ್ನು ಕೆರೆಯುವಂತೆ ಕೈಯಾಡಿಸುತ್ತಿರಿ. ಒಂದು ವೇಳೆ ಸೀದ ವಾಸನೆ ಬಂದರೆ ತಳವನ್ನು ಕದಡದೆ ಮೇಲಿನ ಸೂಪನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಹೊಗೆಯ ಪರಿಮಳ ಇರುವ ಅಡುಗೆಯಾದ್ದರಿಂದ ಸೀದದ್ದು ಗೊತ್ತಾಗದು ಎಂದುಕೊಳ್ಳಬೇಡಿ, ಸೀದ ಬೇಳೆಯ ಕಹಿ ಬೇರೆಯೇ.

5. ಎಲುಬು ಬಿಡಿಸಿ, ತರಕಾರಿ ಹಾಕುವುದು. ಬೇಳೆಯನ್ನು ಬೆರಳ ನಡುವೆ ಹಿಸುಕಿದರೆ ಸುಲಭವಾಗಿ ಜಜ್ಜಿಹೋಗುವ ಹಂತಕ್ಕೆ ಬಂದಾಗ ಪಕ್ಕೆಲುಬುಗಳನ್ನು ಹೊರತೆಗೆದು ತಟ್ಟೆಯಲ್ಲಿ ಆರಲು ಬಿಡಿ. ಬೇ ಎಲೆಗಳನ್ನೂ ಸಿಕ್ಕಷ್ಟು ಆಲ್‌ಸ್ಪೈಸ್ ಕಾಳುಗಳನ್ನೂ ತೆಗೆದುಬಿಡಿ. ಸಣ್ಣ ಚೌಕಗಳಾಗಿ ಹೆಚ್ಚಿದ ಕ್ಯಾರೆಟ್, ಆಲೂಗಡ್ಡೆಗಳನ್ನು ಹಾಕಿ ಇನ್ನೂ 20 ರಿಂದ 25 ನಿಮಿಷ ಬೇಯಿಸಿ. ಆಲೂಗಡ್ಡೆಯನ್ನು ಇದಕ್ಕಿಂತ ಮೊದಲು ಹಾಕಿದರೆ ಅದೂ ಕರಗಿಹೋಗುತ್ತದೆ. ಬಟ್ಟಲಲ್ಲಿ ಅಗಿಯಲು ಏನಾದರೂ ಉಳಿಯಬೇಕು. ಆರಿದ ಪಕ್ಕೆಲುಬಿನಿಂದ ಮಾಂಸವನ್ನು ಬಿಡಿಸಿ, ಸಣ್ಣ ಮೂಳೆಚೂರು ಉಳಿಯದಂತೆ ನೋಡಿ, ಪಾತ್ರೆಗೆ ಮರಳಿ ಸೇರಿಸಿ.

ಇಲ್ಲಿ ಒಂದು ಅಭಿಪ್ರಾಯ ಹೇಳಬೇಕು. ಬೇಳೆಯನ್ನು ಕಡಗೋಲಿನಿಂದ ಕಡೆದೋ ಮಿಕ್ಸಿಗೆ ಹಾಕಿಯೋ ನುಣ್ಣಗೆ ಮಾಡುವುದು ಬೇಡ. ಪೋಲಿಷ್ ಮನೆಗಳಲ್ಲೂ ರುಬ್ಬುವವರು ಇದ್ದಾರೆ, ಆದರೆ ಅರ್ಧ ಬೇಳೆ ಕರಗಿ ಅರ್ಧ ಹಾಗೇ ಉಳಿದಿರುವ ಒರಟು ಹದವೇ ಈ ಸೂಪಿಗೆ ಒಪ್ಪುವುದು. ಸಮಯ ಕೊಟ್ಟರೆ ಬಟಾಣಿ ತಾನಾಗಿಯೇ ಆ ಹದಕ್ಕೆ ಬರುತ್ತದೆ.

6. ಬೇಕನ್, ಈರುಳ್ಳಿ, ಸಾಸೇಜ್ ಹುರಿಯುವುದು. ತರಕಾರಿ ಬೇಯುತ್ತಿರುವಾಗ ಬೇಕನ್ ಅನ್ನು ಚೌಕಗಳಾಗಿ ಕತ್ತರಿಸಿ, ತಣ್ಣಗಿನ ಬಾಣಲೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿಡಿ. ಬಾಣಲೆಯನ್ನು ಮೊದಲೇ ಕಾಯಿಸಿದರೆ ಹೊರಭಾಗ ಗರಿಯಾಗಿ ಒಳಗಿನ ಕೊಬ್ಬು ಕರಗದೆ ಉಳಿಯುತ್ತದೆ. ಕೊಬ್ಬು ಬಿಟ್ಟ ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಅದರಲ್ಲೇ ಹೊಂಬಣ್ಣಕ್ಕೆ ಹುರಿದು, ಬಿಲ್ಲೆಗಳಾಗಿ ಕತ್ತರಿಸಿದ ಸಾಸೇಜ್ ಸೇರಿಸಿ ಎರಡೂ ಬದಿ ಕೆಂಪಾಗುವವರೆಗೆ ಬಾಡಿಸಿ. ಎಲ್ಲವನ್ನೂ ಕೊಬ್ಬಿನ ಸಮೇತ ಸೂಪಿಗೆ ಸುರಿಯಿರಿ. ಇದನ್ನು ಒಗ್ಗರಣೆ ಎಂದುಕೊಂಡು ಸಾಸಿವೆ, ಇಂಗು, ಕರಿಬೇವು ಸೇರಿಸಿದರೆ ಬರುವುದು ಬೇರೊಂದು ಅಡುಗೆ. ರುಚಿಯಾಗಿರಬಹುದು, ಗ್ರೊಹುಫ್ಕಾ ಅಲ್ಲ.

ಹಳೆಯ ಪಾಕವಿಧಾನಗಳಲ್ಲಿ ಈ ಹಂತದಲ್ಲಿ ಜಾಸ್ಮಾಶ್ಕಾ ಎಂಬುದೊಂದು ಬರುತ್ತದೆ. ಕೊಬ್ಬಿನಲ್ಲಿ ಒಂದೆರಡು ಚಮಚ ಮೈದಾ ಹುರಿದು ಸೂಪಿಗೆ ಕಲಸಿ ಗಟ್ಟಿಮಾಡುವ ವಿಧಾನ ಅದು. ಬೇಳೆ ಕಡಿಮೆ, ನೀರು ಹೆಚ್ಚು ಇದ್ದ ಕಡೆ ಅದು ಬೇಕಾಗುತ್ತದೆ. ಮೇಲಿನ ಪ್ರಮಾಣದಲ್ಲಿ ಬೇಳೆ ಇದ್ದರೆ ಅದರ ಅಗತ್ಯವಿಲ್ಲ.

7. ಮರುಗ, ಬೆಳ್ಳುಳ್ಳಿ ಮತ್ತು ಉಪ್ಪು. ಆಲೂಗಡ್ಡೆ ಬೆಂದ ಮೇಲೆ ಒಣ ಮರುಗವನ್ನು ಎರಡು ಅಂಗೈಗಳ ನಡುವೆ ಪಾತ್ರೆಯ ಮೇಲೆಯೇ ತಿಕ್ಕಿ ಉದುರಿಸಿ. ತಿಕ್ಕಿದಾಗ ಎಲೆಯೊಳಗಿನ ಎಣ್ಣೆ ಹೊರಬರುತ್ತದೆ. ಆ ಎಣ್ಣೆ ಬಿಸಿಗೆ ಬೇಗ ಹಾರಿಹೋಗುವಂಥದ್ದು, ಆದ್ದರಿಂದಲೇ ಮರುಗವನ್ನು ಮೊದಲು ಹಾಕಿ ಗಂಟೆಗಟ್ಟಲೆ ಕುದಿಸಿದರೆ ಹುಲ್ಲಿನ ಕಹಿ ಮಾತ್ರ ಉಳಿಯುತ್ತದೆ. ಎರಡು ದೊಡ್ಡ ಚಮಚ ಎಂಬುದು ಹೆಚ್ಚೆನಿಸಬಹುದು, ಆದರೆ ಹೆದರಿ ಕಡಿಮೆ ಮಾಡಬೇಡಿ. ಜಜ್ಜಿದ ಬೆಳ್ಳುಳ್ಳಿಯನ್ನೂ ಈಗಲೇ ಸೇರಿಸಿ, ಐದು ನಿಮಿಷ ಸಣ್ಣ ಉರಿಯಲ್ಲಿಟ್ಟು, ರುಚಿ ನೋಡಿ, ಆಮೇಲಷ್ಟೇ ಉಪ್ಪು ಹಾಕಿ. ಅನೇಕ ಬಾರಿ ಉಪ್ಪೇ ಬೇಕಾಗುವುದಿಲ್ಲ. ಒಲೆ ಆರಿಸಿ ಕಾಲು ಗಂಟೆ ಮುಚ್ಚಿಡಿ.

ಸೂಪಿನಲ್ಲಿ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾದರೆ ಎತ್ತಿಟ್ಟ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ತೀರಾ ತೆಳುವಾಗಿದ್ದರೆ ಹಿಟ್ಟು ಹಾಕುವ ಬದಲು ಮುಚ್ಚಳ ತೆಗೆದು ಹತ್ತು ನಿಮಿಷ ಕುದಿಸಿ. ರೈ ಎಂಬ ಧಾನ್ಯದ ಕಪ್ಪು ಬ್ರೆಡ್ಡಿನ ಜೊತೆ, ಇಲ್ಲವೇ ಬ್ರೆಡ್ಡಿನ ಚೌಕಗಳನ್ನು ಬೆಣ್ಣೆಯಲ್ಲಿ ಹುರಿದು ಮೇಲೆ ಉದುರಿಸಿ ಬಡಿಸುತ್ತಾರೆ.

ಪ್ರೆಶರ್ ಕುಕ್ಕರಿನಲ್ಲಿ ಮಾಡಬಹುದೇ?

ಮಾಡಬಹುದು, ಎಚ್ಚರಿಕೆಯೊಂದಿಗೆ. ಬಟಾಣಿ ಬೇಳೆಯ ನೊರೆ ಕುಕ್ಕರಿನ ಆವಿ ಕಿಂಡಿಗೆ ಹೋಗಿ ಕಟ್ಟಿಕೊಂಡರೆ ಅಪಾಯ, ಹಾಗಾಗಿ ನೀರೂ ಬೇಳೆಯೂ ಸೇರಿ ಕುಕ್ಕರಿನ ಅರ್ಧ ಮೀರಬಾರದು. ಅಂದರೆ ಐದು ಲೀಟರಿನ ಕುಕ್ಕರಿನಲ್ಲಿ ಮೇಲಿನ ಪ್ರಮಾಣದ ಅರ್ಧವನ್ನಷ್ಟೇ ಮಾಡಿ. ಮೊದಲು ಪಕ್ಕೆಲುಬನ್ನು ನೀರು, ಮಸಾಲೆಯೊಂದಿಗೆ ಸಣ್ಣ ಉರಿಯಲ್ಲಿ 15 ನಿಮಿಷ ಬೇಯಿಸಿ, ಆವಿ ಇಳಿದ ಮೇಲೆ ಬೇಳೆ ಹಾಕಿ, ತೆರೆದೇ ಕುದಿಸಿ ನೊರೆ ತೆಗೆದು, ಒಂದು ಚಮಚ ಎಣ್ಣೆ ಬಿಟ್ಟು ಮುಚ್ಚಿ ಎರಡು ಮೂರು ಕೂಗು ಕೂಗಿಸಿ. ಆವಿ ತಾನಾಗಿ ಇಳಿಯುವವರೆಗೆ ಕಾಯಿರಿ. ಉಳಿದ ಹಂತಗಳನ್ನು ಮುಚ್ಚಳವಿಲ್ಲದೆಯೇ ಮಾಡಬೇಕು.

ಮಾಂಸವಿಲ್ಲದೆ ಮಾಡುವ ಬಗೆ

ಪೋಲೆಂಡಿನ ಕ್ಯಾಥೊಲಿಕರು ಉಪವಾಸದ ದಿನಗಳಲ್ಲಿ ಮಾಂಸ ಬಿಡುವುದರಿಂದ, ಮಾಂಸವಿಲ್ಲದ ಬಟಾಣಿ ಸೂಪು ಅಲ್ಲಿಗೆ ಹೊಸದೇನಲ್ಲ. ರುಚಿಯ ಆಳಕ್ಕೆ ಒಣಗಿಸಿದ ಕಾಡು ಅಣಬೆ ನೆರವಾಗುತ್ತದೆ: 20 ಗ್ರಾಂ ಅಣಬೆಯನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಆ ನೀರನ್ನು ಬಟ್ಟೆಯಲ್ಲಿ ಸೋಸಿ, ಬೇಳೆ ಬೇಯಿಸುವ ನೀರಿಗೆ ಸೇರಿಸಿ. ಅಣಬೆಯನ್ನು ಹೆಚ್ಚಿ ಹಾಕಿ.

ಹೊಗೆಯನ್ನು ಬೇರೆ ಕಡೆಯಿಂದ ತರಬೇಕು. ಹೊಗೆಯಾಡಿಸಿದ ಒಣ ಪ್ಲಮ್ ಹಣ್ಣು ದಕ್ಷಿಣ ಪೋಲೆಂಡಿನ ಹಳೆಯ ಪದಾರ್ಥ. ಬೇಳೆ ಬೆಂದ ಮೇಲೆ ಅಂಥ ಮೂರು ಹಣ್ಣುಗಳನ್ನು ಹಾಕಿ ಕುದಿಸಿ ತೆಗೆದರೆ ಪರಿಮಳ ಬಿಟ್ಟುಕೊಡುತ್ತವೆ, ಹೆಚ್ಚಾದರೆ ಸಿಹಿಯಾಗುತ್ತದೆ. ಹೊಗೆಯಾಡಿಸಿದ ತೋಫು ಅಲ್ಲಿನ ಸೂಪರ್‌ಮಾರ್ಕೆಟ್ಟುಗಳಲ್ಲಿ ಸಿಗುತ್ತದೆ. ಅದನ್ನು ಚೌಕಗಳಾಗಿ ಹುರಿದು ಸಾಸೇಜಿನ ಜಾಗದಲ್ಲಿ ಹಾಕಬಹುದು. ಇವು ಯಾವುವೂ ಸಿಗದಿದ್ದರೆ ಹೊಗೆಯಾಡಿಸಿದ ಕೆಂಪು ಪ್ಯಾಪ್ರಿಕಾ ಪುಡಿ ಒಂದೂವರೆ ಚಿಕ್ಕ ಚಮಚದಷ್ಟನ್ನು, ಈರುಳ್ಳಿ ಹುರಿದು ಒಲೆ ಆರಿಸಿದ ಮೇಲೆ ಆ ಬಿಸಿ ಎಣ್ಣೆಯಲ್ಲಿ ಕಲಸಿ. ಉರಿಯ ಮೇಲೆ ಹಾಕಿದರೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ.

ಊರಿನಲ್ಲಿರುವವರಿಗೆ ಕೆಂಡದ ಹೊಗೆ ಕೊಡುವ ನಮ್ಮ ದೇಶದ ಉಪಾಯವೂ ಇದೆ. ಸಿದ್ಧವಾದ ಸೂಪಿನ ಮೇಲೆ ತೇಲುವಂತೆ ಚಿಕ್ಕ ಸ್ಟೀಲ್ ಬಟ್ಟಲಿಟ್ಟು, ಅದರಲ್ಲಿ ನಿಗಿನಿಗಿ ಕೆಂಡವಿಟ್ಟು, ನಾಲ್ಕು ಹನಿ ತುಪ್ಪ ಬಿಟ್ಟು ಪಾತ್ರೆಯನ್ನು ಮೂರು ನಾಲ್ಕು ನಿಮಿಷ ಮುಚ್ಚಿ. ಕಿಟಕಿ ತೆರೆದಿರಲಿ. ಪೋಲೆಂಡಿನ ಅಪಾರ್ಟ್‌ಮೆಂಟಿನಲ್ಲಿ ಇರುವವರು ಮಾತ್ರ ಇದಕ್ಕೆ ಕೈಹಾಕಬೇಡಿ. ಬಾಗಿಲು ಕಿಟಕಿ ಮುಚ್ಚಿದ ಚಳಿಗಾಲದ ಮನೆಯೊಳಗೆ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಅಪಾಯ. ಮಾಂಸದ ಉಪ್ಪು ಇಲ್ಲದ ಕಾರಣ ಈ ಬಗೆಯಲ್ಲಿ ಒಂದೂವರೆ ಚಿಕ್ಕ ಚಮಚ ಉಪ್ಪಿನಿಂದ ಆರಂಭಿಸಿ.

ಉಳಿದ ಸೂಪು

ಮರುದಿನಕ್ಕೆ ರುಚಿ ಹೆಚ್ಚುತ್ತದೆ ಎಂಬ ಮಾತಿನಲ್ಲಿ ಹುರುಳಿದೆ, ಆದರೆ ದೊಡ್ಡ ಪಾತ್ರೆಯಲ್ಲಿ ಗಟ್ಟಿ ಸೂಪು ಬಹಳ ನಿಧಾನವಾಗಿ ತಣಿಯುವುದರಿಂದ ಹಾಗೆಯೇ ಹೊರಗೆ ಬಿಡಬೇಡಿ. ಅಗಲವಾದ ಚಿಕ್ಕ ಡಬ್ಬಿಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮೂರು ದಿನದೊಳಗೆ ಮುಗಿಸಿ. ತಣಿದಾಗ ಅದು ಚಾಕುವಿನಿಂದ ಕತ್ತರಿಸಬಹುದಾದಷ್ಟು ಗಟ್ಟಿಯಾಗುತ್ತದೆ. ಕೆಟ್ಟಿದೆ ಎಂದು ಎಸೆಯಬೇಡಿ, ಅದು ಬೇಳೆಯ ಗಂಜಿ ಹೆಪ್ಪಾಗಿರುವುದಷ್ಟೇ. ಬಿಸಿಮಾಡುವಾಗ ಪ್ರತಿ ಬಟ್ಟಲಿಗೆ ಕಾಲು ಲೋಟ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಯುವವರೆಗೆ ಕಾಯಿಸಿ, ಚಿಟಿಕೆ ಹೊಸ ಮರುಗ ಉದುರಿಸಿ. ಫ್ರೀಜರಿನಲ್ಲಿ ಇಡುವ ಯೋಚನೆಯಿದ್ದರೆ ಐದನೆಯ ಹಂತದಲ್ಲಿ ಆಲೂಗಡ್ಡೆ ಹಾಕುವ ಮೊದಲೇ ಅಷ್ಟು ಭಾಗವನ್ನು ಎತ್ತಿಟ್ಟುಕೊಳ್ಳಿ. ಹೆಪ್ಪುಗಟ್ಟಿ ಕರಗಿದ ಆಲೂಗಡ್ಡೆ ಮರಳುಮರಳಾಗುತ್ತದೆ, ಅದನ್ನು ಬಡಿಸುವ ದಿನ ಬೇರೆಯಾಗಿ ಬೇಯಿಸಿ ಸೇರಿಸಿದರಾಯಿತು.